ಪಿಂಚಿಯೊ ತೋಟದಲ್ಲಿ ನಿಂತ ಸಾರೋಟು: ಡೇಸಿ ಮಿಲ್ಲರ್ ಪ್ರಕರಣ

ಹೆನ್ರಿ ಜೇಮ್ಸ್ ಬರೆದ ‘ಡೇಸಿ ಮಿಲ್ಲರ್’ ಕಿರುಕಾದಂಬರಿ 1878ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಲಂಡನ್ನಿನ ‘ಕಾರ್ನ್‌ಹಿಲ್’ ಪತ್ರಿಕೆಯಲ್ಲಿ ಎರಡು ಕಂತುಗಳಾಗಿ ಬಂತು. ಅಮೆರಿಕದ ಹುಡುಗಿ, ಯೂರೋಪಿನ ಕಟ್ಟುಪಾಡು, ಎರಡರ ನಡುವಿನ ತಿಕ್ಕಾಟ ಎಂದು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆ ಸಾಲು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಕಥೆಯಲ್ಲಿ ಆ ಹುಡುಗಿಯ ನಡತೆಯನ್ನು ತೂಗಿ ತೀರ್ಪು ಕೊಡುವವರಲ್ಲಿ ಯೂರೋಪಿನವರು ಒಬ್ಬರೂ ಇಲ್ಲ. ಎಲ್ಲರೂ ಅವಳದೇ ದೇಶದವರು.

ಕಥೆ ದುರಂತದ ದಾರಿ ಹಿಡಿಯುವುದು ರೋಮ್ ನಗರದ ಪಿಂಚಿಯೊ ತೋಟದಲ್ಲಿ, ಒಂದು ಚಳಿಗಾಲದ ಸಂಜೆ. ಹುಡುಗಿಯ ಮಾನ ಉಳಿಸಲೆಂದು ಒಬ್ಬಾಕೆ ಸಾರೋಟಿನಲ್ಲಿ ಧಾವಿಸಿ ಬರುತ್ತಾಳೆ. ಅವಳು ಹೊರಟುಹೋಗುವ ಹೊತ್ತಿಗೆ ಹುಡುಗಿಯ ಸ್ಥಿತಿ ಮೊದಲಿಗಿಂತ ಹದಗೆಟ್ಟಿರುತ್ತದೆ. ಇದು ಹೇಗಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕೆಂಬುದು ನನ್ನ ಆಸೆ. ಕಲ್ಪನೆಯ ಪಾತ್ರಗಳನ್ನು ಹೀಗೆ ವಿಚಾರಣೆಗೆ ಎಳೆಯಬಹುದೇ ಎಂದು ಕೇಳುವವರಿಗೆ, ಜೇಮ್ಸ್ ತಾನೇ ಈ ಕಥೆಗೆ ‘ಒಂದು ಅಧ್ಯಯನ’ ಎಂಬ ಉಪಶೀರ್ಷಿಕೆ ಕೊಟ್ಟಿದ್ದನ್ನು ನೆನಪಿಸುತ್ತೇನೆ. 1877ರ ಶರತ್ಕಾಲದಲ್ಲಿ ರೋಮಿನಲ್ಲಿದ್ದಾಗ ಪರಿಚಿತರೊಬ್ಬರು ಹೇಳಿದ ಪುಟ್ಟ ಪ್ರಸಂಗವೇ ಇದರ ಬೀಜ: ಪ್ರವಾಸಕ್ಕೆ ಬಂದ ಅಮೆರಿಕದ ತಾಯಿ, ಅವಳ ಮಗಳು, ಮಗಳು ಸ್ನೇಹ ಬೆಳೆಸಿಕೊಂಡ ಪೂರ್ವಾಪರ ತಿಳಿಯದ ಚೆಲುವ ರೋಮನ್ ತರುಣ, ಕೊನೆಗೆ ಸಮಾಜದಿಂದ ಒಂದು ಸಣ್ಣ ತಡೆ. ಆ ತಡೆ ಏನೆಂಬುದನ್ನು ತಾನು ಮರೆತಿರುವುದಾಗಿ ಜೇಮ್ಸ್ ಮುಂದೆ ತನ್ನ ಮುನ್ನುಡಿಯಲ್ಲಿ ಬರೆದ. ಮರೆತ ಆ ಜಾಗದಲ್ಲಿ ಅವನು ಕಟ್ಟಿ ನಿಲ್ಲಿಸಿದ್ದೇ ಈ ಸಾರೋಟಿನ ಪ್ರಸಂಗ ಎಂದು ನನ್ನ ಊಹೆ.

ಯಾರು, ಎಲ್ಲಿಯವರು

ಡೇಸಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನವಳು. ತಂದೆ ಎಜ್ರಾ ಮಿಲ್ಲರ್ ಸಿರಿವಂತ. ವ್ಯವಹಾರ ನೋಡಿಕೊಂಡು ಊರಿನಲ್ಲೇ ಉಳಿದಿದ್ದಾನೆ. ತಾಯಿಗೆ ಸದಾ ಅಜೀರ್ಣದ ಚಿಂತೆ. ತಮ್ಮ ರಾಂಡಾಲ್ಫ್‌ಗೆ 9 ವರ್ಷ. ಅಮೆರಿಕದ ಮಿಠಾಯಿಯಿಂದ ಹಿಡಿದು ಅಮೆರಿಕದ ಗಂಡಸರವರೆಗೆ ಅಲ್ಲಿನದೇ ಶ್ರೇಷ್ಠ ಎಂದು ಸಾರುವ ಹುಡುಗ. ಪ್ರವಾಸದ ಏರ್ಪಾಟು ನೋಡಿಕೊಳ್ಳಲು ಯುಜೀನಿಯೊ ಎಂಬ ಸಂಬಳದ ಆಳು ಜೊತೆಗಿದ್ದಾನೆ. ಮಿಲ್ಲರ್ ಮನೆಯವರು ಅವನನ್ನು ಆಳಿನಂತೆ ಕಾಣದೆ ಸ್ನೇಹಿತನಂತೆ ಕಾಣುತ್ತಾರೆ, ಇದೂ ಅವರ ಮೇಲಿನ ಆರೋಪಪಟ್ಟಿಯಲ್ಲಿ ಒಂದು.

ಹಿಂದಿನ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ತನಗಾಗಿ 17 ಔತಣಗಳು ನಡೆದವೆಂದೂ ಅವುಗಳಲ್ಲಿ 3 ಗಂಡಸರು ಏರ್ಪಡಿಸಿದ್ದೆಂದೂ ಡೇಸಿ ಹೊಸದಾಗಿ ಪರಿಚಯವಾದ ತರುಣನ ಮುಂದೆ ಹೇಳಿಬಿಡುತ್ತಾಳೆ. ಮುಚ್ಚಿಡಬೇಕಾದ ಸಂಗತಿ ಅದರಲ್ಲಿ ಏನಿದೆ ಎಂಬುದೇ ಅವಳಿಗೆ ಹೊಳೆಯುವುದಿಲ್ಲ. ಅವಳ ಊರಿನಲ್ಲಿ ಅದು ಹುಡುಗಿಯೊಬ್ಬಳಿಗೆ ಸಂದ ಮರ್ಯಾದೆ.

ಆ ತರುಣ ವಿಂಟರ್‌ಬೋರ್ನ್. ವಯಸ್ಸು 27. ಅವನೂ ಅಮೆರಿಕದವನೇ, ಆದರೆ ಹುಡುಗನಾಗಿದ್ದಾಗಲೇ ಜಿನೀವಾದ ಶಾಲೆ ಸೇರಿ ಅಲ್ಲೇ ಬೇರುಬಿಟ್ಟವನು. ಅಲ್ಲಿ ಅವನು ‘ಓದುತ್ತಿದ್ದಾನೆ’ ಎಂದು ಸ್ನೇಹಿತರು ಹೇಳುತ್ತಾರೆ. ತನಗಿಂತ ಹಿರಿಯಳಾದ ವಿದೇಶಿ ಮಹಿಳೆಯೊಬ್ಬಳ ನಂಟು ಅವನನ್ನು ಅಲ್ಲಿ ಹಿಡಿದಿಟ್ಟಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಡೇಸಿ ತಮಾಷೆಗೆ ಕೆಣಕುವುದನ್ನು ಬಿಟ್ಟರೆ, ಈ ಎರಡನೆಯ ಮಾತನ್ನು ಕಥೆಯುದ್ದಕ್ಕೂ ಯಾರೂ ಅವನ ಮುಖದೆದುರು ಆರೋಪವಾಗಿ ಹಿಡಿಯುವುದಿಲ್ಲ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಇವರಿಬ್ಬರ ಭೇಟಿ ಆಗುವುದು ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಹೋಟೆಲಿನ ತೋಟದಲ್ಲಿ, ಜೂನ್ ತಿಂಗಳಲ್ಲಿ. ರಾಂಡಾಲ್ಫ್ ಬಂದು ಸಕ್ಕರೆ ಅಚ್ಚು ಕೇಳುತ್ತಾನೆ, ಹಿಂದೆಯೇ ಅಕ್ಕ ಬರುತ್ತಾಳೆ, ಮಾತು ಶುರುವಾಗುತ್ತದೆ. ಕೆಲವೇ ದಿನಗಳಲ್ಲಿ ಇಬ್ಬರೇ ಹಡಗು ಹತ್ತಿ ಸರೋವರದ ದಡದ ಶಿಯೊನ್ ಕೋಟೆ ನೋಡಿಬರುತ್ತಾರೆ. ಕೋಟೆಯ ಕಾವಲುಗಾರ ಬೆನ್ನು ಹತ್ತದಿರಲೆಂದು ವಿಂಟರ್‌ಬೋರ್ನ್ ಅವನ ಕೈಗೆ ಧಾರಾಳವಾಗಿ ಕಾಸು ಹಾಕುತ್ತಾನೆ. ಆ ದಿನ ಯಾರ ಸಾರೋಟೂ ಅಡ್ಡ ಬರಲಿಲ್ಲ; ಬಂದಿದ್ದರೆ ಅವನಿಗೆ ಎಂಥ ಕಿರಿಕಿರಿಯಾಗುತ್ತಿತ್ತೆಂದು ಊಹಿಸಬಹುದು.

ಅದೇ ಹೋಟೆಲಿನಲ್ಲಿ ಇಳಿದಿದ್ದ ಅವನ ಅತ್ತೆ ಶ್ರೀಮತಿ ಕಾಸ್ಟೆಲೊ ನ್ಯೂಯಾರ್ಕಿನ ದೊಡ್ಡ ಮನೆತನದ ವಿಧವೆ. ಮಿಲ್ಲರ್ ಕುಟುಂಬದ ಪರಿಚಯವೇ ಬೇಡವೆನ್ನುತ್ತಾಳೆ. ಸರೋವರದ ದಡದಲ್ಲಿ ರಾತ್ರಿ ಈ ಸಂಗತಿ ಡೇಸಿಗೆ ತಿಳಿಯುತ್ತದೆ. ಅತ್ತೆಗೆ ತಲೆನೋವು ಎಂದು ವಿಂಟರ್‌ಬೋರ್ನ್ ತಡವರಿಸುತ್ತಿರುವಾಗಲೇ ಅವಳು ಅರ್ಥಮಾಡಿಕೊಂಡು, ಅವರಿಗೆ ನನ್ನ ಪರಿಚಯ ಬೇಡ, ಯಾಕಾದರೂ ಬೇಕು ಎಂದು ನಗುತ್ತಾಳೆ. ಆ ನಗುವಿನಲ್ಲಿ ದನಿ ಕಂಪಿಸಿತೇ ಎಂದು ವಿಂಟರ್‌ಬೋರ್ನ್‌ಗೆ ಅನುಮಾನ ಬರುತ್ತದೆ. ಆ ಅನುಮಾನವನ್ನು ಅವನು ಮುಂದಕ್ಕೆ ಒಯ್ಯಲಿಲ್ಲ. ನನ್ನ ಲೆಕ್ಕದಲ್ಲಿ ಪ್ರಕರಣದ ಮೊದಲ ಸಾಕ್ಷ್ಯ ಅದು.

ಆ ಸಂಜೆ

ಜನವರಿ ಕೊನೆಯ ಹೊತ್ತಿಗೆ ವಿಂಟರ್‌ಬೋರ್ನ್ ರೋಮ್ ತಲುಪುತ್ತಾನೆ. ವಿಯಾ ಗ್ರೆಗೋರಿಯಾನಾ ಬೀದಿಯಲ್ಲಿ ಶ್ರೀಮತಿ ವಾಕರ್ ಎಂಬ ಅಮೆರಿಕದ ಗೃಹಿಣಿಯ ಮನೆ. ಹಲವು ಚಳಿಗಾಲ ಜಿನೀವಾದಲ್ಲಿದ್ದು ಮಕ್ಕಳನ್ನು ಅಲ್ಲಿ ಓದಿಸಿದವಳು, ವಿಂಟರ್‌ಬೋರ್ನ್‌ಗೆ ಹಳೆಯ ಪರಿಚಯ. ಅವಳ ಬೈಠಕ್ಕಿನಲ್ಲಿ ಕುಳಿತಿರುವಾಗ ಮಿಲ್ಲರ್ ಕುಟುಂಬ ಬರುತ್ತದೆ. ಮಾತು ಮುಗಿದ ಮೇಲೆ ತಾಯಿ ಹೋಟೆಲಿಗೆ ಹೊರಡುತ್ತಾಳೆ, ಡೇಸಿ ಪಿಂಚಿಯೊ ತೋಟಕ್ಕೆ ಹೊರಡುತ್ತಾಳೆ. ಅಲ್ಲಿ ಜೊವಾನೆಲ್ಲಿ ಎಂಬ ಇಟಲಿಯ ತರುಣ ಕಾಯುತ್ತಿದ್ದಾನೆ ಎಂಬುದನ್ನು ತಮ್ಮ ಬಯಲು ಮಾಡುತ್ತಾನೆ. ಈ ಹೊತ್ತಿನಲ್ಲಿ ಒಬ್ಬಳೇ ಹೋಗುವುದು ಬೇಡ ಎಂದು ಶ್ರೀಮತಿ ವಾಕರ್ ತಡೆಯುತ್ತಾಳೆ. ಜ್ವರ ಹಿಡಿಯುತ್ತದೆ ಎಂದು ತಾಯಿ ಎಚ್ಚರಿಸುತ್ತಾಳೆ. ಹಾಗಾದರೆ ಈ ಮಹಾಶಯರೇ ಜೊತೆಗೆ ಬರಲಿ ಎಂದು ಡೇಸಿ ವಿಂಟರ್‌ಬೋರ್ನ್‌ನನ್ನು ಕರೆದುಕೊಳ್ಳುತ್ತಾಳೆ.

ಅಂದರೆ ಆಕ್ಷೇಪಕ್ಕೆ ಅವಳು ಕಿವಿಗೊಟ್ಟಳು. ಒಬ್ಬಳೇ ಹೋಗಬೇಡ ಎಂದರು, ಒಬ್ಬಳೇ ಹೋಗಲಿಲ್ಲ. ಜೊತೆಗೆ ಕರೆದದ್ದು ಶ್ರೀಮತಿ ವಾಕರ್ ಮನೆಯಲ್ಲೇ ಕುಳಿತಿದ್ದ, ಅವಳಿಗೆ ಬಹಳ ಕಾಲದಿಂದ ಗೊತ್ತಿದ್ದ ತನ್ನ ದೇಶದವನನ್ನೇ. ಈ ಸಣ್ಣ ಸಂಗತಿಯನ್ನು ಕಥೆಯ ಬಗ್ಗೆ ಬರೆಯುವವರು ಗಮನಿಸದೆ ಮುಂದೆ ಹೋಗುವುದು ನನಗೆ ಅಚ್ಚರಿ.

ತೋಟದಲ್ಲಿ ಜೊವಾನೆಲ್ಲಿ ಮರಕ್ಕೊರಗಿ ನಿಂತಿದ್ದಾನೆ. ಸುಂದರ ಮುಖ, ಓರೆಯಾಗಿಟ್ಟ ಟೋಪಿ, ಒಂದು ಕಣ್ಣಿಗೆ ಗಾಜು, ಕೋಟಿನಲ್ಲಿ ಹೂ. ಇವನು ಸಭ್ಯ ಮನುಷ್ಯನಲ್ಲ, ಸಭ್ಯನ ಚೆನ್ನಾದ ನಕಲು ಎಂದು ವಿಂಟರ್‌ಬೋರ್ನ್ ಕಣ್ಣಲ್ಲೇ ಅಳೆಯುತ್ತಾನೆ. ಮೂವರೂ ಕೂಡಿ ಅಡ್ಡಾಡುತ್ತಾರೆ. ಕಾಲು ಗಂಟೆ ಕಳೆದಿರಬಹುದು, ಶ್ರೀಮತಿ ವಾಕರ್‌ಳ ಸಾರೋಟು ಬಂದು ನಿಲ್ಲುತ್ತದೆ. ಅವಳ ಮುಖ ಕೆಂಪಾಗಿದೆ. ವಿಂಟರ್‌ಬೋರ್ನ್‌ನನ್ನು ಹತ್ತಿರ ಕರೆದು, ಇಬ್ಬರು ಗಂಡಸರ ಜೊತೆ ಈ ಹುಡುಗಿ ಇಲ್ಲಿ ನಡೆದಾಡಕೂಡದು, ಆಗಲೇ 50 ಜನ ನೋಡಿದ್ದಾರೆ ಎನ್ನುತ್ತಾಳೆ. ಅವಳ ಯೋಜನೆ ಸರಳ: ಹುಡುಗಿಯನ್ನು ಸಾರೋಟಿಗೆ ಹತ್ತಿಸಿಕೊಂಡು ಅರ್ಧ ಗಂಟೆ ಇಲ್ಲೇ ಸುತ್ತಾಡಿಸುವುದು, ನೋಡಿದವರೆಲ್ಲ ಮತ್ತೊಮ್ಮೆ ನೋಡಲಿ, ಆಮೇಲೆ ಮನೆಗೆ ಬಿಡುವುದು.

ಡೇಸಿ ಸಾರೋಟಿನ ಬಳಿಗೆ ಬರುತ್ತಾಳೆ. ಜೊವಾನೆಲ್ಲಿಯ ಪರಿಚಯ ಮಾಡಿಸುತ್ತಾಳೆ. ಶ್ರೀಮತಿ ವಾಕರ್ ಕಾಲಿಗೆ ಹೊದ್ದ ಕಂಬಳಿ ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿಕೊಳ್ಳುತ್ತಾಳೆ. ಆ ಹೊತ್ತಿನವರೆಗೂ ಏನು ನಡೆಯುತ್ತಿದೆ ಎಂಬುದು ಅವಳಿಗೆ ತಿಳಿದಿಲ್ಲ. ಹತ್ತು ಎಂದಾಗ, ಹೀಗೆ ನಡೆಯುವುದೇ ಚೆಂದ ಎನ್ನುತ್ತಾಳೆ. ಇಲ್ಲಿ ಅದು ಪದ್ಧತಿಯಲ್ಲ ಎಂದಾಗ, ಹಾಗಾದರೆ ಪದ್ಧತಿಯಾಗಬೇಕು ಎನ್ನುತ್ತಾಳೆ. ತಾಯಿಯ ಜೊತೆ ನಡೆ ಎಂದರೆ, ನಮ್ಮಮ್ಮ ಜನ್ಮದಲ್ಲಿ ಹತ್ತು ಹೆಜ್ಜೆ ನಡೆದವಳಲ್ಲ, ನನಗೇನು ಐದು ವರ್ಷವೇ ಎಂದು ಉತ್ತರ. ಆಗ ಶ್ರೀಮತಿ ವಾಕರ್ ಮನಸ್ಸಿನಲ್ಲಿದ್ದುದನ್ನು ಹೇಳುತ್ತಾಳೆ: ಜನ ಆಡಿಕೊಳ್ಳುವಷ್ಟು ವಯಸ್ಸು ನಿನಗಾಗಿದೆ.

ಡೇಸಿಯ ನಗು ನಿಲ್ಲುತ್ತದೆ. ಆಡಿಕೊಳ್ಳುವುದೆಂದರೆ ಏನು ಎಂದು ಕೇಳುತ್ತಾಳೆ. ಸಾರೋಟು ಹತ್ತು, ಹೇಳುತ್ತೇನೆ ಎಂಬ ಉತ್ತರ ಬರುತ್ತದೆ. ಅವಳು ಪಕ್ಕದ ಇಬ್ಬರನ್ನೂ ನೋಡುತ್ತಾಳೆ, ಆಮೇಲೆ ಹೇಳುತ್ತಾಳೆ: ಅದೇನೆಂದು ತಿಳಿಯಲು ನನಗೆ ಇಷ್ಟವಿಲ್ಲ, ತಿಳಿದರೆ ಹಿಡಿಸಲಾರದು. ಬಳಿಕ ತಿರುಗಿ ವಿಂಟರ್‌ಬೋರ್ನ್‌ನನ್ನು ನೇರವಾಗಿ ಕೇಳುತ್ತಾಳೆ, ನನ್ನ ಮಾನ ಉಳಿಯಬೇಕಾದರೆ ನಾನು ಈ ಗಾಡಿ ಹತ್ತಲೇಬೇಕೆಂದು ನೀವೂ ಹೇಳುತ್ತೀರಾ?

ಅವನ ಮುಖ ಕೆಂಪೇರುತ್ತದೆ. ಒಂದು ಗಳಿಗೆ ತಡೆಯುತ್ತಾನೆ. ಹತ್ತುವುದೇ ಒಳ್ಳೆಯದು ಎಂದುಬಿಡುತ್ತಾನೆ.

ಡೇಸಿ ಗಟ್ಟಿಯಾಗಿ ನಕ್ಕು, ಇದು ಅನುಚಿತವಾದರೆ ನಾನು ಪೂರ್ತಿ ಅನುಚಿತಳೇ, ನನ್ನ ಆಸೆ ಬಿಟ್ಟುಬಿಡಿ ಎಂದು ಶ್ರೀಮತಿ ವಾಕರ್‌ಗೆ ಹೇಳಿ, ಜೊವಾನೆಲ್ಲಿಯ ಜೊತೆ ನಡೆದುಹೋಗುತ್ತಾಳೆ. ಶ್ರೀಮತಿ ವಾಕರ್ ಕಣ್ಣಲ್ಲಿ ನೀರು. ನೀವು ಹತ್ತಿ ಎಂದು ವಿಂಟರ್‌ಬೋರ್ನ್‌ಗೆ ಆಜ್ಞೆಯಾಗುತ್ತದೆ. ಹುಡುಗಿಯ ಜೊತೆ ಹೋಗುವುದು ತನ್ನ ಕರ್ತವ್ಯವೆಂದು ಅವನು ಅನ್ನುತ್ತಾನೆ. ಹಾಗಾದರೆ ನಿಮ್ಮೊಡನೆ ಇನ್ನು ಮಾತಿಲ್ಲ ಎನ್ನುತ್ತಾಳೆ. ಅವನು ಹತ್ತುತ್ತಾನೆ.

ರಕ್ಷಣೆ ಯಾರನ್ನು ಕರೆದೊಯ್ದಿತು

ಈಗ ಲೆಕ್ಕ ಹಾಕೋಣ. ಸಾರೋಟು ಬರುವ ಮುನ್ನ ತೋಟದಲ್ಲಿದ್ದವರು ಮೂವರು: ಒಬ್ಬ ಹುಡುಗಿ, ಅವಳ ಕುಟುಂಬಕ್ಕೆ ಗೊತ್ತಿರುವ ಸ್ವದೇಶದ ತರುಣ, ಒಬ್ಬ ಇಟಲಿಯವ. ಸಾರೋಟು ಹೋದ ಮೇಲೆ ಉಳಿದವರು ಇಬ್ಬರು: ಹುಡುಗಿ ಮತ್ತು ಇಟಲಿಯವ. ಯಾವ ನೋಟವನ್ನು ತಪ್ಪಿಸಬೇಕೆಂದು ಶ್ರೀಮತಿ ವಾಕರ್ ಬಂದಳೋ ಅದೇ ನೋಟವನ್ನು ಊರಿಗೆಲ್ಲ ಕಾಣಿಸಿ ಹೋದಳು. ಹುಡುಗಿಯ ಪಕ್ಕದಲ್ಲಿದ್ದ ಒಬ್ಬನೇ ರಕ್ಷಕನನ್ನು ಹೆದರಿಸಿ ಹತ್ತಿಸಿಕೊಂಡು ಹೋದಳು. ಕೇಡು ಬಯಸಿ ಅಲ್ಲ. ಅವಳ ಕಣ್ಣೀರು ನಿಜವಾದದ್ದು. ನಾಲ್ಕು ಜನರ ಮಾತಿಗೆ ಅಂಜುತ್ತ ತಾನೂ ಆ ಮಾತಿಗೆ ಬಲ ಕೊಡುವ ಇಂಥ ಹಿರಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರನ್ನು ಖಳರೆಂದು ಬಗೆದರೆ ಪ್ರಕರಣವೇ ತಪ್ಪುದಾರಿ ಹಿಡಿಯುತ್ತದೆ.

ತಪ್ಪು ಇದ್ದದ್ದು ಅವಳು ಆರಿಸಿಕೊಂಡ ಉಪಾಯದಲ್ಲಿ. ಸಂಜೆ ತೋಟ ತುಂಬಿದ ಹೊತ್ತಿನಲ್ಲಿ ಗಾಡಿ ನಿಲ್ಲಿಸಿ ಮಾತಾಡಿಸಿದರೆ, ಅದುವರೆಗೆ ನೋಡದವರೂ ನೋಡುತ್ತಾರೆ. ಹತ್ತಿದರೆ ಹುಡುಗಿ ತಪ್ಪೊಪ್ಪಿಕೊಂಡಂತೆ, ಹತ್ತದಿದ್ದರೆ ಹಿರಿಯರನ್ನು ಧಿಕ್ಕರಿಸಿದಂತೆ. ಮೂರನೆಯ ದಾರಿಯೇ ಇಲ್ಲ. ಮರುದಿನ ಮನೆಗೆ ಕರೆಸಿ ಕೂರಿಸಿಕೊಂಡು ಹೇಳಬಹುದಿತ್ತು. ಇಲ್ಲವೇ ಶ್ರೀಮತಿ ವಾಕರ್ ತಾನೇ ಸಾರೋಟಿನಿಂದ ಇಳಿದು ಅವರ ಜೊತೆ ನಾಲ್ಕು ಹೆಜ್ಜೆ ನಡೆಯಬಹುದಿತ್ತು. ಹಿರಿಯ ಹೆಂಗಸೊಬ್ಬಳು ಪಕ್ಕದಲ್ಲಿ ಬಂದ ಕೂಡಲೇ ಆಕ್ಷೇಪಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಇಷ್ಟು ಸುಲಭದ ಪರಿಹಾರ ಅವಳಿಗೆ ಹೊಳೆಯಲಿಲ್ಲ, ಯಾಕೆಂದರೆ ಇಳಿದು ಜೊತೆ ನಡೆದರೆ ಆ ಹುಡುಗಿಯ ಹೊಣೆಯಲ್ಲಿ ತನ್ನ ಮರ್ಯಾದೆಯನ್ನೂ ಕೊಂಚ ಪಣಕ್ಕಿಟ್ಟಂತಾಗುತ್ತದೆ. ಸಾರೋಟಿನ ಮೇಲಿನಿಂದ ಕೈ ನೀಡಿದರೆ ಆ ಭಯವಿಲ್ಲ.

ವಿಂಟರ್‌ಬೋರ್ನ್‌ನ ತಪ್ಪು ಇದಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಡೇಸಿ ಕೇಳಿದ್ದು ಅವನೊಬ್ಬನನ್ನು. ಅವಳ ಮನಸ್ಸಿನಲ್ಲಿ ಶಿಯೊನ್ ಕೋಟೆಯ ದಿನ ಇತ್ತು. ತಾನೊಬ್ಬಳೇ ಅವನೊಡನೆ ಹೋಗಿದ್ದೆ, ಆಗ ಅನುಚಿತವಾಗದ್ದು ಈಗ ಮೂವರು ನಡೆದರೆ ಅನುಚಿತ ಹೇಗೆ ಎಂಬ ಪ್ರಶ್ನೆ ಅದರೊಳಗಿತ್ತು. ನಾನೇ ಜೊತೆಗಿದ್ದೇನೆ, ನಾನೇ ಹೋಟೆಲಿಗೆ ತಲುಪಿಸುತ್ತೇನೆ ಎಂದು ಅವನು ಶ್ರೀಮತಿ ವಾಕರ್‌ಗೆ ಹೇಳಿದ್ದರೆ ಸಾಕಿತ್ತು. ಸಾರೋಟಿನಲ್ಲಿ ಕುಳಿತ ಮೇಲೆ ಅವನು ಹುಡುಗಿಯ ಪರ ವಾದಿಸುತ್ತಾನೆ, ಅವಳ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಎನ್ನುತ್ತಾನೆ, ನಾವಿಬ್ಬರೂ ಜಿನೀವಾದಲ್ಲಿ ಬಹಳ ಕಾಲ ಇದ್ದುಬಿಟ್ಟೆವೇನೋ ಎಂದೂ ಹೇಳುತ್ತಾನೆ. ಮಾತೆಲ್ಲ ಸರಿ. ಆದರೆ ಅವಳು ಕೇಳಿಸಿಕೊಳ್ಳಲಾಗದ ಕಡೆ ಆಡಿದ ಮಾತುಗಳು ಅವು.

ಸ್ವಲ್ಪ ಹೊತ್ತಿಗೆ ಅವನು ಇಳಿದುಕೊಳ್ಳುತ್ತಾನೆ. ದೂರದಲ್ಲಿ, ಬೊರ್ಗೀಸೆ ತೋಟದ ಕಡೆಗಿನ ತಗ್ಗುಗೋಡೆಯ ಬಳಿ, ಡೇಸಿಯೂ ಜೊವಾನೆಲ್ಲಿಯೂ ಕಾಣುತ್ತಾರೆ. ಇಳಿಬಿಸಿಲು ಚುಚ್ಚುತ್ತದೆ. ಜೊವಾನೆಲ್ಲಿ ಅವಳ ಕೈಯಿಂದ ಕೊಡೆ ತೆಗೆದುಕೊಂಡು ಬಿಚ್ಚಿ ಅವಳ ಹೆಗಲ ಮೇಲೆ ಒರಗಿಸುತ್ತಾನೆ; ಇಬ್ಬರ ತಲೆಯೂ ಮರೆಯಾಗುತ್ತದೆ. ವಿಂಟರ್‌ಬೋರ್ನ್ ನೋಡುತ್ತ ನಿಂತು, ಆಮೇಲೆ ನಡೆಯುತ್ತಾನೆ. ಅವರ ಕಡೆಗಲ್ಲ, ಅತ್ತೆಯ ಮನೆಯ ಕಡೆಗೆ. ಜೇಮ್ಸ್ ಅವನ ಸ್ವಭಾವದ ಬಗ್ಗೆ ಪುಟಗಟ್ಟಲೆ ಬರೆದಿದ್ದರೂ ಈ ಒಂದು ನಡಿಗೆಯಷ್ಟು ಹೇಳಲಾಗುತ್ತಿರಲಿಲ್ಲ.

ಸಾಕ್ಷ್ಯ ಎಂಥದ್ದು

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಕಂಡದ್ದೇ ಕಡಿಮೆ. ಸಾರೋಟಿನಲ್ಲಿ ಶ್ರೀಮತಿ ವಾಕರ್ ಪಟ್ಟಿ ಕೊಡುತ್ತಾಳೆ: ಸಿಕ್ಕಸಿಕ್ಕವರೊಡನೆ ಸಲಿಗೆ, ಯಾರೋ ಇಟಲಿಯವರೊಡನೆ ಮೂಲೆಯಲ್ಲಿ ಕೂರುವುದು, ರಾತ್ರಿಯೆಲ್ಲ ಒಬ್ಬರೊಡನೆಯೇ ಕುಣಿಯುವುದು, ರಾತ್ರಿ 11ಕ್ಕೆ ಬರುವ ಅತಿಥಿಗಳು, ಅವರು ಬಂದೊಡನೆ ಎದ್ದು ಹೋಗುವ ತಾಯಿ. ಇದಕ್ಕೆ ಮೇಲೊಂದು: ಯಾರಾದರೂ ಬಂದು ಮಿಸ್ ಮಿಲ್ಲರ್ ಇದ್ದಾರೆಯೇ ಎಂದು ಕೇಳಿದರೆ ಹೋಟೆಲಿನ ಆಳುಗಳು ಮುಸಿಮುಸಿ ನಗುತ್ತಾರಂತೆ. ಆಳುಗಳ ಮಾತು ಹಾಳಾಗಲಿ ಎಂದು ವಿಂಟರ್‌ಬೋರ್ನ್ ಸಿಡುಕುತ್ತಾನೆ, ಆದರೆ ಅವನೂ ಅಂಥದೇ ಮಾತುಗಳನ್ನು ಕೂಡಿಸುತ್ತ ಹೋಗುತ್ತಾನೆ. ಅತ್ತೆ ಹೇಳಿದ್ದು, ಡೋರಿಯಾ ಅರಮನೆಯ ಚಿತ್ರಶಾಲೆಯಲ್ಲಿ ಅವರಿಬ್ಬರನ್ನು ಕಂಡ ಗೆಳೆಯ ಹೇಳಿದ್ದು, ಸಂತ ಪೇತ್ರನ ಚರ್ಚಿನಲ್ಲಿ ಅತ್ತೆಯ ಬಳಗದವರು ಪಿಸುಗುಟ್ಟಿದ್ದು. ನೀನು ಆ ಇಟಲಿಯವನನ್ನು ಪ್ರೀತಿಸುತ್ತಿದ್ದೀಯಾ, ಅವನಲ್ಲಿ ನಿನಗೆ ಏನು ಕಾಣುತ್ತದೆ ಎಂದು ಕೂತು ಕೇಳಿದ್ದರೆ ಅವಳು ಮುಚ್ಚುಮರೆಯಿಲ್ಲದೆ ಹೇಳುವ ಹುಡುಗಿ. ಯಾವಾಗಲೂ ಎಲ್ಲವನ್ನೂ ಹೇಳಿಬಿಡುವುದೇ ಅವಳ ಮೇಲಿನ ದೂರು ತಾನೇ?

ತೀರ್ಪು ಕೊಡುವವರು ಯಾರೆಂಬುದನ್ನೂ ಇಲ್ಲೇ ಹೇಳಬೇಕು. ಶ್ರೀಮತಿ ಕಾಸ್ಟೆಲೊ ನ್ಯೂಯಾರ್ಕಿನವಳು. ಅವಳ ಮೊಮ್ಮಕ್ಕಳೇ ಅಲ್ಲಿ ಚೆಲ್ಲಾಟಕ್ಕೆ ಹೆಸರಾದವರೆಂದು ವಿಂಟರ್‌ಬೋರ್ನ್‌ಗೆ ನೆನಪಾಗುತ್ತದೆ. ಶ್ರೀಮತಿ ವಾಕರ್ ಅಮೆರಿಕದವಳು, ವಿಂಟರ್‌ಬೋರ್ನ್ ಅಮೆರಿಕದವನು. ಇವರಿಗೆ ಯೂರೋಪಿನ ಕಟ್ಟಳೆ ಹುಟ್ಟಿನಿಂದ ಬಂದದ್ದಲ್ಲ, ಕಲಿತು ಪಾಸಾದದ್ದು. ಕಲಿತವರಿಗೆ ಯಾವಾಗಲೂ ಒಂದು ಅಂಜಿಕೆ: ನಮ್ಮವಳೊಬ್ಬಳು ಎಡವಿದರೆ ಇಲ್ಲಿನವರು ನಮ್ಮೆಲ್ಲರನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ಡೇಸಿಯನ್ನು ದೂರವಿಟ್ಟದ್ದು ಆ ಅಂಜಿಕೆ. ಅವಳ ನಡತೆ ಎಲ್ಲ ಅಮೆರಿಕದ ಹುಡುಗಿಯರ ನಡತೆಯಲ್ಲ ಎಂದು ಯೂರೋಪಿನವರಿಗೆ ತೋರಿಸಿಕೊಡಲು ಇವರು ತವಕಿಸುತ್ತಾರೆ ಎಂದು ಜೇಮ್ಸ್ ಬಿಡಿಸಿಯೇ ಬರೆದಿದ್ದಾನೆ. ಪರದೇಶದಲ್ಲಿ ನೆಲೆನಿಂತ ಕನ್ನಡದ ಮನೆಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಹೊಸದಾಗಿ ಬಂದ ನೆಂಟರು ಅಂಗಡಿಯಲ್ಲಿ ಗಟ್ಟಿಯಾಗಿ ಮಾತಾಡಿದರೆ ಅಲ್ಲಿನವರಿಗಿಂತ ಮೊದಲು ಮುಜುಗರ ಪಡುವವರು ನಮ್ಮವರೇ.

ಜೇಮ್ಸ್‌ಗೂ ಈ ಬೇನೆ ಗೊತ್ತಿತ್ತು. ನ್ಯೂಯಾರ್ಕಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಜಿನೀವಾದ ಶಾಲೆಯಲ್ಲೂ ಓದಿ, 1876ರಿಂದ ಲಂಡನ್ನಿನಲ್ಲಿ ನೆಲೆಸಿದವನು. ವಿಂಟರ್‌ಬೋರ್ನ್‌ನ ಒಳಗನ್ನು ಅವನು ಅಷ್ಟು ಬಲ್ಲವನಾದ್ದರಿಂದಲೇ ಅವನಿಗೆ ಎಲ್ಲೂ ರಿಯಾಯಿತಿ ತೋರಲಿಲ್ಲ.

ತಿರುಗಿದ ಬೆನ್ನು, ನಂತರದ ಜ್ವರ

ಮೂರು ದಿನಗಳ ಬಳಿಕ ಶ್ರೀಮತಿ ವಾಕರ್ ಮನೆಯಲ್ಲಿ ಕೂಟ. ತಾಯಿ ಒಬ್ಬಳೇ ಮುಂಚೆ ಬರುತ್ತಾಳೆ. ಡೇಸಿ ರಾತ್ರಿ 11 ದಾಟಿದ ಮೇಲೆ ಜೊವಾನೆಲ್ಲಿಯೊಡನೆ ಬರುತ್ತಾಳೆ. ಹಾಡು ಅಭ್ಯಾಸ ಮಾಡುತ್ತಿದ್ದೆವು ಎನ್ನುತ್ತಾಳೆ. ವಿಂಟರ್‌ಬೋರ್ನ್ ಅವಳಿಗೆ ಬುದ್ಧಿ ಹೇಳುತ್ತಾನೆ. ಅಷ್ಟರಲ್ಲಿ ಜೊವಾನೆಲ್ಲಿ ಬಂದು ಚಹಾ ಬೇಕೇ ಎಂದು ಕೇಳುತ್ತಾನೆ. ನೀವು ಎಂದಾದರೂ ನನಗೆ ಚಹಾ ಬೇಕೇ ಎಂದು ಕೇಳಿದ್ದುಂಟೇ ಎಂದು ಡೇಸಿ ವಿಂಟರ್‌ಬೋರ್ನ್‌ನನ್ನು ತಿವಿಯುತ್ತಾಳೆ. ನಾನು ಸಲಹೆ ಕೊಟ್ಟಿದ್ದೇನಲ್ಲ ಎಂದು ಅವನು. ನೀರುಚಹಾ ಆದರೂ ಅದೇ ಮೇಲು ಎಂದು ಅವಳು. ಹೊರಡುವಾಗ ಮನೆಯೊಡತಿಗೆ ಹೇಳಿಹೋಗಲು ಬಂದರೆ ಶ್ರೀಮತಿ ವಾಕರ್ ನೇರವಾಗಿ ಬೆನ್ನು ತಿರುಗಿಸುತ್ತಾಳೆ. ಡೇಸಿಯ ಮುಖ ಬಿಳಿಚಿಕೊಳ್ಳುತ್ತದೆ. ತಾಯಿಯನ್ನು ನೋಡುತ್ತಾಳೆ, ತಾಯಿಗೆ ಏನಾಯಿತೆಂದೇ ತಿಳಿದಿಲ್ಲ. ಬಾಗಿಲಲ್ಲಿದ್ದ ವಿಂಟರ್‌ಬೋರ್ನ್ ಇದನ್ನು ನೋಡಿ, ಬಹಳ ಕ್ರೂರವಾಯಿತು ಎಂದು ಮನೆಯೊಡತಿಗೆ ಹೇಳುತ್ತಾನೆ. ಆದರೆ ಹುಡುಗಿಯ ಹಿಂದೆ ಹೋಗುವುದಿಲ್ಲ.

ಬರಬರುತ್ತ ಆಮಂತ್ರಣಗಳು ನಿಂತವು. ಹೀಗೆ ಒಂದೊಂದೇ ಬಾಗಿಲು ಮುಚ್ಚಿದ ಮೇಲೆ ಅವಳಿಗೆ ಉಳಿದ ಸಂಗಾತಿ ಜೊವಾನೆಲ್ಲಿ. ಆಮೇಲೆ ನೋಡಿ, ಅವಳು ಯಾವಾಗಲೂ ಅವನ ಜೊತೆಯಲ್ಲೇ ಇರುತ್ತಾಳೆ ಎಂದು ಬಾಗಿಲು ಮುಚ್ಚಿದವರೇ ಹೇಳಿದರು.

ವಸಂತದ ಒಂದು ಬೆಳದಿಂಗಳ ರಾತ್ರಿ ಕೊಲೋಸಿಯಂನ ಒಳಗೆ ವಿಂಟರ್‌ಬೋರ್ನ್ ಅವರಿಬ್ಬರನ್ನು ಕಾಣುತ್ತಾನೆ. ಅವನಿಗೆ ಮೊದಲು ಆದದ್ದು ದಿಗಿಲು, ಜೊತೆಗೇ ನಿರಾಳ: ಇನ್ನು ಈ ಹುಡುಗಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬ ನಿರಾಳ. ನನಗೆ ಇಡೀ ಕಥೆಯಲ್ಲಿ ಸಹಿಸಲು ಅತ್ಯಂತ ಕಷ್ಟವಾಗುವುದು ಇದೇ. ಅವನು ಜ್ವರದ ಎಚ್ಚರಿಕೆ ಕೊಡುತ್ತಾನೆ, ಮನೆಗೆ ಹೋಗಿ ಗುಳಿಗೆ ತೆಗೆದುಕೊಳ್ಳಿ ಎನ್ನುತ್ತಾನೆ. ನನಗೆ ಮದುವೆ ನಿಶ್ಚಯವಾಗಿದೆ ಎಂದು ನಂಬಿದ್ದೀರಾ ಎಂದು ಅವಳು ಕೇಳಿದಾಗ, ಆಗಿದ್ದರೂ ಆಗದಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ ಎನ್ನುತ್ತಾನೆ. ಅದಾದ ಮೇಲೆಯೇ ಅವಳು ವಿಚಿತ್ರ ದನಿಯಲ್ಲಿ, ಜ್ವರ ಬಂದರೂ ಚಿಂತೆಯಿಲ್ಲ ಎನ್ನುವುದು.

ನಾಲ್ಕೈದು ದಿನದಲ್ಲಿ ಅವಳು ಹಾಸಿಗೆ ಹಿಡಿದಳು, ಕೆಲವೇ ದಿನಗಳಲ್ಲಿ ತೀರಿಕೊಂಡಳು. ರಾತ್ರಿ ತಿರುಗಿದ್ದಕ್ಕೇ ಹೀಗಾಯಿತು ಎಂದು ಅವಳ ತಮ್ಮನೂ ಹೇಳಿದ, ಊರೂ ಹೇಳಿತು. ಆ ಕಾಲಕ್ಕೆ ರೋಮನ್ ಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ, ಕಾರಣ ಜೌಗುನೆಲದ ಕೆಟ್ಟ ಗಾಳಿಯೆಂದು ನಂಬಿಕೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡುಹಿಡಿದ. ಮರುವರ್ಷ ಇಟಲಿಯಲ್ಲಿ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರಿಗೆ ಅದನ್ನು ಹರಡುವುದು ಅನಾಫಿಲಿಸ್ ಸೊಳ್ಳೆ ಎಂದು ತೋರಿಸಿದರು. ಆ ಸೊಳ್ಳೆ ಕಚ್ಚುವುದು ಮುಖ್ಯವಾಗಿ ಕತ್ತಲಾದ ಮೇಲೆ, ಹಾಗಾಗಿ ಸಂಜೆ ಹೊರಗೆ ಹೋಗಬೇಡ ಎಂಬ ಎಚ್ಚರಿಕೆ ಸರಿಯೇ. ಆದರೆ ಕಚ್ಚಿಸಿಕೊಂಡ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರಕ್ಕೂ ಹೆಚ್ಚು ಬೇಕು. ಕಥೆಯ ದಿನಗಳನ್ನು ಇಂದಿನ ತಿಳಿವಳಿಕೆಯ ಮೇಲಿಟ್ಟು ನೋಡಿದರೆ, ಡೇಸಿಗೆ ಸೋಂಕು ತಗುಲಿದ್ದು ಕೊಲೋಸಿಯಂನಲ್ಲಿ ಅಲ್ಲ, ಅದಕ್ಕೂ ಮುಂಚಿನ ಯಾವುದೋ ದಿನ. ಜೇಮ್ಸ್‌ಗೆ ಇದು ತಿಳಿಯುವಂತಿರಲಿಲ್ಲ. ಆದರೂ ಊರು ಕೊಟ್ಟ ಎರಡನೆಯ ತೀರ್ಪು, ನಡತೆಯಿಂದಲೇ ಸತ್ತಳು ಎಂಬ ತೀರ್ಪು, ಮೊದಲನೆಯದರಷ್ಟೇ ಪೊಳ್ಳಾಗಿತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ರೋಮಿನ ಪ್ರೊಟೆಸ್ಟಂಟ್ ಸ್ಮಶಾನದಲ್ಲಿ ಅವಳ ಗೋರಿಯ ಬಳಿ ಜೊವಾನೆಲ್ಲಿ ಹೇಳುತ್ತಾನೆ, ತಾನು ಕಂಡವರಲ್ಲಿ ಅತ್ಯಂತ ಚೆಲುವೆ ಅವಳು, ಅತ್ಯಂತ ಸ್ನೇಹಶೀಲೆ, ಅತ್ಯಂತ ಮುಗ್ಧೆ. ಅವಳು ತನ್ನನ್ನು ಎಂದೂ ಮದುವೆಯಾಗುತ್ತಿರಲಿಲ್ಲ ಎಂದೂ ಒಪ್ಪಿಕೊಳ್ಳುತ್ತಾನೆ. ಪ್ರಕರಣದಲ್ಲಿ ನೇರ ಸಾಕ್ಷಿ ಅವನೊಬ್ಬನೇ. ಯೂರೋಪಿನ ಕಡೆಯಿಂದ ಬಂದ ಒಂದೇ ಹೇಳಿಕೆ ಅವಳ ಪರವಾಗಿತ್ತು. ಅಂಥ ಜಾಗಕ್ಕೆ ಯಾಕೆ ಕರೆದೊಯ್ದೆ ಎಂದು ವಿಂಟರ್‌ಬೋರ್ನ್ ಗದರಿದಾಗ, ನನಗೆ ಭಯವಿರಲಿಲ್ಲ, ಅವಳಿಗೆ ಆಸೆಯಿತ್ತು ಎಂದಷ್ಟೇ ಅವನ ಉತ್ತರ. ಅವನನ್ನೂ ನಾನು ಕ್ಷಮಿಸಲಾರೆ. ಅವಳು ಹಾಸಿಗೆ ಹಿಡಿದ ಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ.

ಲೇಖಕನ ಮಾತಿಗೆ ನನ್ನ ತಕರಾರು

ಕಥೆ ಹೊರಬಂದ ಮೇಲೆ ಓದುಗರು ಎರಡು ಪಕ್ಷವಾದರು. ಅಮೆರಿಕದಲ್ಲಿ ಲೇಖಕನ ಅನುಮತಿಯಿಲ್ಲದ ಪ್ರತಿಗಳು ಅಚ್ಚಾಗಿ ಬಿಸಿದೋಸೆಯಂತೆ ಖರ್ಚಾದವು, ಜೇಮ್ಸ್‌ನ ಕೈಗೆ ಹೆಚ್ಚೇನೂ ಬರಲಿಲ್ಲ. ಅದಕ್ಕೂ ಮೊದಲು ಫಿಲಡೆಲ್ಫಿಯಾದ ಪತ್ರಿಕೆಯೊಂದು ಕಾರಣ ಹೇಳದೆ ಹಸ್ತಪ್ರತಿಯನ್ನು ಮರಳಿಸಿತ್ತು. ಅಮೆರಿಕದ ಹುಡುಗಿಯರಿಗೆ ಇದು ಅಪಮಾನ ಎಂದು ಅವರಿಗೆ ಅನಿಸಿರಬಹುದೆಂದು ಸ್ನೇಹಿತನೊಬ್ಬ ಜೇಮ್ಸ್‌ಗೆ ವಿವರಿಸಿದ. ಆಮೇಲೆ ಜೇಮ್ಸ್ ಕಥೆಯನ್ನು ನಾಟಕ ಮಾಡಿ, ಡೇಸಿ ಬದುಕಿ ವಿಂಟರ್‌ಬೋರ್ನ್‌ನನ್ನು ಸೇರುವಂತೆ ಬದಲಿಸಿದ. ರಂಗಮಂದಿರದವರು ಅದನ್ನು ಒಪ್ಪಲಿಲ್ಲ.

ಇಂಗ್ಲೆಂಡಿನ ಲೇಖಕಿ ಎಲೈಜಾ ಲಿನ್ ಲಿಂಟನ್ ಜೇಮ್ಸ್‌ಗೇ ಪತ್ರ ಬರೆದು, ಡೇಸಿ ಬೇಕೆಂದೇ ಸಮಾಜವನ್ನು ಧಿಕ್ಕರಿಸಿದಳೋ, ತಿಳಿಯದೆ ಹಾಗೆ ನಡೆದಳೋ ಎಂದು ಕೇಳಿದಳು. ಅವಳು ಎಲ್ಲಕ್ಕಿಂತ ಮಿಗಿಲಾಗಿ ಮುಗ್ಧೆ ಎಂದು ಜೇಮ್ಸ್ ಉತ್ತರಿಸಿದ. ತನ್ನ ತಲೆಯ ಮೇಲೆಯೇ ಹಾದುಹೋದ, ತನಗೆ ಯಾವ ಸಂಬಂಧವೂ ಇಲ್ಲದ ಸಾಮಾಜಿಕ ಗದ್ದಲಕ್ಕೆ ಬಲಿಯಾದ ಹುಡುಗಿ ಅವಳು ಎಂಬುದು ಅವನ ವಿವರಣೆ. ಮುಗ್ಧೆ ಎಂಬುದನ್ನು ಒಪ್ಪುತ್ತೇನೆ. ತಲೆಯ ಮೇಲೆ ಹಾದುಹೋಯಿತು ಎಂಬುದನ್ನು ಒಪ್ಪಲಾರೆ, ಅವನ ಪುಟಗಳೇ ಒಪ್ಪಲು ಬಿಡುವುದಿಲ್ಲ. ಸರೋವರದ ದಡದಲ್ಲಿ ಅವಳ ದನಿ ಕಂಪಿಸಿದ್ದನ್ನು ಬರೆದವನು ಅವನು. ಕೂಟದಲ್ಲಿ ಮುಖ ಬಿಳಿಚಿದ್ದನ್ನು ಬರೆದವನೂ ಅವನೇ. ಸಾರೋಟಿನ ಎದುರು ‘ತಿಳಿದರೆ ಹಿಡಿಸಲಾರದು’ ಎಂದವಳು ಅರ್ಧ ಆಗಲೇ ಅರಿತವಳು. ಜ್ವರದಲ್ಲಿ ಮಲಗಿದ್ದಾಗ ಅವಳು ತಾಯಿಯನ್ನು ಕರೆದು, ನನಗೆ ಆ ಇಟಲಿಯವನೊಡನೆ ಮದುವೆ ನಿಶ್ಚಯವಾಗಿರಲಿಲ್ಲ ಎಂದು ವಿಂಟರ್‌ಬೋರ್ನ್‌ಗೆ ಮರೆಯದೆ ಹೇಳು ಎಂದು ಮೂರು ಸಲ ಒತ್ತಿ ಹೇಳುತ್ತಾಳೆ, ಸ್ವಿಟ್ಜರ್ಲೆಂಡಿನ ಆ ಕೋಟೆ ಅವರಿಗೆ ನೆನಪಿದೆಯೇ ಎಂದೂ ಕೇಳಿಸುತ್ತಾಳೆ. ವ್ಯತ್ಯಾಸವಿಲ್ಲ ಎಂದು ಅವನು ಕೊಲೋಸಿಯಂನಲ್ಲಿ ಆಡಿದ ಮಾತಿಗೆ ಅದು ಅಕ್ಷರಕ್ಕೆ ಅಕ್ಷರ ಕೊಟ್ಟ ಉತ್ತರ. ತನ್ನ ಮೇಲೆ ಏನು ಆರೋಪವಿತ್ತು, ಅದನ್ನು ಯಾರು ನಂಬಿದರು, ಯಾರು ನಂಬಿದ್ದು ತನಗೆ ನೋವಾಯಿತು ಎಂಬುದೆಲ್ಲ ಅವಳಿಗೆ ಗೊತ್ತಿತ್ತು.